ನಾಲ್ಕನೆಯ ಹೆಗಲು

ಚಟ್ಟ ಮೊಳಕಾಲೆತ್ತರಕ್ಕೆ ಏಳುತ್ತಿದ್ದಂತೆ ಅಕ್ಕುತಾಯಿ ಅಡ್ಡ ಬಂದು ನಿಂತಳು.

"ಇಳಸ್ರಿ."

ಹೊರಲು ಬಗ್ಗಿದ್ದ ನಾಲ್ವರೂ ಮುಖ ಮುಖ ನೋಡಿಕೊಂಡರು. ಮುಂದಿನ ಬಲತುದಿಗೆ ಇದ್ದವನು ಮಹಾದೇವ, ಉಗಾರ ಖುರ್ದದಲ್ಲಿ ಕಾರು ರಿಪೇರಿಗೆ ಹೆಸರಾದ ಗ್ಯಾರೇಜಿನ ಮಾಲೀಕ. ಅಕ್ಕುತಾಯಿಯ ಗಂಡ ಭರಮು ಒಂದು ಕಾಲಕ್ಕೆ ಅಲ್ಲಿ ಅವನ ಜೋಡಿ ಮೇಸ್ತ್ರಿಯಾಗಿದ್ದ. ಆಮೇಲೆ ಹನ್ನೊಂದು ವರ್ಷ ಫ್ಯಾಕ್ಟರಿ ರಸ್ತೆಯ ಬೇವಿನ ಗಿಡದ ಕೆಳಗೆ ಸೈಕಲ್ ಪಂಕ್ಚರ್ ತಿದ್ದಿದ. ನಿನ್ನೆ ಮಧ್ಯಾಹ್ನ ಟ್ಯೂಬಿಗೆ ಗಾಳಿ ಹಾಕುತ್ತಿದ್ದವನು ಎದೆ ಹಿಡಿದುಕೊಂಡು ಅಲ್ಲೇ ಕುಸಿದ.

ಚಟ್ಟ ನೆಲಕ್ಕಿಳಿಯಿತು.

"ಯಾಕ ವೈನಿ?" ಎಂದ ಮಹಾದೇವ. "ಹೆಗಲ ಕೊಡಾಕ ಬಾ ಅಂತ ನೀವಾ ಹೇಳಿ ಕಳಿಸಿದ್ರಿ."

"ನಾನಾ ಕರಸೇನಿ. ಊರ ಮಂದಿ ಕೂಡಿದಾಗ ನೀ ಇರಬೇಕಿತ್ತು."

*

ಹನ್ನೊಂದು ವರ್ಷದ ಹಿಂದೆ ಬೀರದೇವ ಮಾಸ್ತರರ ಹಳೆಯ ಕಾರಿನಲ್ಲಿ ಎಣ್ಣೆ ಸೋರತೊಡಗಿತ್ತು. ಇಂಜಿನ್ನಿನ ತಲೆಯ ಮೇಲಿನ ಮುಚ್ಚಳದ ಸಂದಿನಿಂದ ಹನಿ ಬಿದ್ದು, ಬಿಸಿ ಪೈಪಿನ ಮೇಲೆ ಸುಟ್ಟು, ಕಾರಿನ ಒಳಗೆಲ್ಲ ಕಮಟು. ಟ್ಯಾಪೆಟ್ ಕವರ್ ಎಂದು ಮೇಸ್ತ್ರಿಗಳು ಕರೆಯುವ ಆ ಮುಚ್ಚಳವನ್ನು ಭರಮು ಬಿಚ್ಚಿದ. ಕಟ್ಟಿಗೆಯಂತೆ ಗಟ್ಟಿಯಾಗಿದ್ದ ರಬ್ಬರ್ ಪ್ಯಾಕಿಂಗ್ ಬಿಡಿಸಿ ಬಿಸಾಡಿದ. ಮುಚ್ಚಳ, ಇಂಜಿನ್ನು ಕೂಡುವ ಎರಡೂ ಮೈಯನ್ನು ಪೆಟ್ರೋಲಿನಲ್ಲಿ ಒರೆಸಿ, ಮುಚ್ಚಳವನ್ನು ಗಾಜಿನ ಮೇಲೆ ಬೋರಲಿಟ್ಟು, ಸೊಟ್ಟಗಾಗಿಲ್ಲವೆಂದು ಖಾತ್ರಿ ಮಾಡಿಕೊಂಡ. ಹೊಸ ಪ್ಯಾಕಿಂಗ್ ಮಿರಜದಿಂದ ಮರುದಿನ ಬರುವುದಿತ್ತು.

ಅಷ್ಟರಲ್ಲಿ ಅಕ್ಕುತಾಯಿಗೆ ಹೆರಿಗೆ ನೋವು ಬಂತು. ಅವಳನ್ನು ಅಥಣಿಯ ದವಾಖಾನೆಗೆ ಕರೆದೊಯ್ಯುವಾಗಲೂ ಭರಮುವಿಗೆ ಅದೇ ಧ್ಯಾಸ. ಮಹಾದೇವನಿಗೆ ಹೇಳಿ ಹೋದ.

"ನಾ ಬರೂತನಕ ಮುಟ್ಟಬ್ಯಾಡೋ. ಸಂದ ಮುಚ್ಚೂ ಪೇಸ್ಟ್ ನಾಕ ಮೂಲಿಗಷ್ಟ. ಅದೂ ಜ್ವಾಳದ ಕಾಳಿನಷ್ಟ."

ಗಾಡಿ ಬೇಗ ಕಳಿಸುವ ಅವಸರಕ್ಕೆ ಮಹಾದೇವನಿಗೆ ತಡೆಯಲಾಗಲಿಲ್ಲ. ಬಿಸಾಡಿದ್ದ ಪ್ಯಾಕಿಂಗನ್ನೇ ಹೆಕ್ಕಿ, ಸುತ್ತ ಪೇಸ್ಟನ್ನು ಗೋಡೆಗೆ ಕೆಸರು ಮೆತ್ತಿದಂತೆ ಮೆತ್ತಿ ಬಿಗಿದ. ಹೆಚ್ಚಾದದ್ದು ಒಳಗೆ ಉದುರಿ ಎಣ್ಣೆ ಹೀರುವ ಜಾಲರಿಗೆ ಅಡರಿ ಎಣ್ಣೆ ಏರುವುದನ್ನು ತಡೆಯಿತು. ನಾಲ್ಕನೆಯ ದಿನ ಕಾಗವಾಡದ ದಾರಿಯಲ್ಲಿ ಇಂಜಿನ್ ಜಾಮ್ ಆಯಿತು.

"ಭರಮು ಕುಡದ ಕೈಲೆ ಮಾಡ್ಯಾನ್ರಿ ಸರ್," ಎಂದುಬಿಟ್ಟ ಮಹಾದೇವ.

ಹನಿ ಕುಡಿಯದ ಭರಮು ಎರಡು ಸಲ ಅಲ್ಲವೆಂದ. ಗ್ಯಾರೇಜು ಮಹಾದೇವನದು, ಊರು ಅವನನ್ನೇ ನಂಬಿತು. ಭರಮುವಿನ ಕೈಗೆ ಮತ್ತೆ ಯಾರೂ ಗಾಡಿ ಕೊಡಲಿಲ್ಲ. ಹಸಿ ಬಾಣಂತಿ ಅಕ್ಕುತಾಯಿ ಕೂಸನ್ನು ಎತ್ತಿಕೊಂಡು ಜಗಳಕ್ಕೆ ಹೊರಟರೆ ಅವನು ಕೈ ಹಿಡಿದ. "ಹೆಂಗಸಿನ ಮಾತಂತ ನಕ್ಕಾರು. ಬಿಟ್ಟಬಿಡು."

ಅವನು ಬಿಟ್ಟ. ಅವಳು ಬಿಡಲಿಲ್ಲ.

*

"ಮಾಸ್ತರ ಗಾಡಿಗಿ ಕವರ್ ಯಾರ ಕೂಡಿಸಿದ್ರು, ಹೇಳು."

"ಹೆಣದ ಮುಂದ ಹಳೀ ಮಾತ ಯಾಕ ವೈನಿ?"

"ಹೆಣದ ಮುಂದನಾ ಬೇಕು."

ಅವಳು ಗಂಡನ ತಲೆಯ ಬಳಿ ಕಾಲು ಮಡಚಿ ಕೂತಳು. ನೆರೆಮನೆಯ ಮುದುಕಿ ಸಾವಕ್ಕ ಬಗ್ಗಿ ಹೇಳಿದಳು. "ಬಿಸಲ ಏರಾಕತ್ತೈತಿ ತಂಗಿ. ಹೆಣ ಕಾಯೂದಿಲ್ಲ."

"ಹನ್ನೊಂದ ವರ್ಷ ಕಾದಾನ ಆಯಿ. ಇನ್ನೊಂದ ತಾಸ ಕಾಯತಾನ."

ಮಹಾದೇವ ಹೊರಳಿ ಓಣಿಯತ್ತ ನಡೆದ. ಓಣಿಯ ಬಾಯಲ್ಲಿ ನಿಂತ ಜನ ಸರಿಯಲಿಲ್ಲ. ಎಲ್ಲರ ಮುಂದೆ ಬೀರದೇವ ಮಾಸ್ತರರಿದ್ದರು.

"ಹೇಳಿ ಹೋಗಪಾ," ಎಂದರು. "ಭರಮುನ ಮಾರಿ ನೋಡಬಾರದಂತ ಇಷ್ಟ ವರ್ಷ ಆ ಬೇವಿನ ಗಿಡದ ಮುಂದ ತಲಿ ಹೊಳ್ಳಿಸಿಕೊಂಡ ಹೋಗೇನಿ. ನನಗೂ ಗೊತ್ತಾಗಲಿ."

ಮಹಾದೇವ ಕತ್ತಿನ ಬೆವರು ಒರೆಸಿಕೊಂಡ. ನೆಲ ನೋಡುತ್ತ ಏನೋ ಅಂದ.

"ಕೇಳಸಲಿಲ್ಲ," ಎಂದಳು ಅಕ್ಕುತಾಯಿ.

"ನಾನಾ ಕೂಡಿಸಿದ್ದೆ. ಪೇಸ್ಟ್ ನಾನಾ ಬಳದಿದ್ದೆ. ಭರಮು ಅಥಣ್ಯಾಗಿದ್ದ."

"ಕುಡದಿದ್ನೇನ?"

"ಇಲ್ಲ."

"ಇನ್ನೊಮ್ಮೆ."

"ಭರಮು ಕುಡದಿರಲಿಲ್ಲ."

ಮಹಾದೇವ ಕೈಮುಗಿದು ಹತ್ತಿರ ಬಂದ. "ತಪ್ಪಾತು ವೈನಿ. ಈಗರೆ ಹೆಗಲ ಕೊಡತೀನಿ."

ಈ ಮಾತು ಕೇಳಿದ ದಿನ ಎದೆ ತಣ್ಣಗಾದೀತೆಂದು ಅವಳು ನಂಬಿದ್ದಳು. ಆಗಲಿಲ್ಲ. ಇನ್ನಷ್ಟು ಬೇಕೆನಿಸಿತು.

"ನಿನ್ನ ಕೈ ಅವಗ ಹತ್ತೂದ ಬ್ಯಾಡ. ನಡಿ ಮನಿಗಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಬಲತುದಿಯ ಬಿದಿರಿಗೆ ತಾನೇ ಹೆಗಲಿಟ್ಟಳು. ಹೆಂಗಸರು ಹೊರುವ ಪದ್ಧತಿಯಿಲ್ಲ ಎನ್ನಲು ಸಾವಕ್ಕ ಬಾಯಿ ತೆರೆದಳು, ಅಕ್ಕುತಾಯಿಯ ಮುಖ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

*

ಮಣ್ಣು ಮುಗಿಸಿ, ಹೊಳೆಯಲ್ಲಿ ಕಾಲು ತೊಳೆದು ಅಕ್ಕುತಾಯಿ ಮರಳುವಾಗ ಮಹಾದೇವನ ಗ್ಯಾರೇಜಿನ ಮುಂದೆ ಜನ ನೆರೆದಿತ್ತು. ಹಿಡಿ ಮಣ್ಣು ಹಾಕಿ ಮೊದಲೇ ಹೊರಟಿದ್ದ ಮಾಸ್ತರರು, ಎಂಟು ದಿನದಿಂದ ಅಲ್ಲಿ ಬಿಚ್ಚಿಟ್ಟಿದ್ದ ತಮ್ಮ ಈಗಿನ ಕಾರಿಗೆ ಕಬ್ಬಿನ ಟ್ರ್ಯಾಕ್ಟರಿನಿಂದ ಹಗ್ಗ ಕಟ್ಟಿಸಿ, ಸ್ಟೇರಿಂಗ್ ಹಿಡಿದು ಕೂತಿದ್ದರು. ಹಿಂದೆ ಇನ್ನಿಬ್ಬರು ತಮ್ಮ ತಮ್ಮ ಗಾಡಿಯನ್ನು ತಳ್ಳಿಕೊಂಡು ಹೊರತರುತ್ತಿದ್ದರು.

ಹಗ್ಗ ಬಿಗಿಯಿತು. ಕಾರು ರಸ್ತೆಗಿಳಿಯಿತು.

ಮಹಾದೇವ ಬೊಗಸೆಯಲ್ಲಿ ಆ ಕಾರಿನ ಬಿಚ್ಚಿದ ಬೋಲ್ಟು ಹಿಡಿದುಕೊಂಡು, ದಾರಿಯುದ್ದಕ್ಕೂ ಒಂದೊಂದೇ ಉದುರಿಸುತ್ತ, ಹಿಂದೆ ಓಡುತ್ತಿದ್ದ. ಟ್ರ್ಯಾಕ್ಟರ್ ನಿಲ್ಲಲಿಲ್ಲ.