ಶಿಕಾಗೊದ ಎರಡು ಪಕ್ಷ

"ಇವತ್ತು ಯಾವ ವಾರ, ಪ್ರೊಫೆಸರ್?" ಫ್ರೌ ವೀಲಾಂಡ್ ಎರಡನೆಯ ಸಲ ಜರ್ಮನ್‌ನಲ್ಲಿ ಕೇಳಿದಳು.

"ನೀವು ಬಂದ ವಾರ" ಎಂದರು ಜಗನ್ನಾಥರು. ಆಕೆ ನಕ್ಕುಬಿಟ್ಟಳು.

ಆಕೆ ಜರ್ಮನಿಯ ಆರೈಕೆ ವಿಮೆಯ ಕಡೆಯಿಂದ ಬಂದ ಪರೀಕ್ಷಕಿ. ಜಗನ್ನಾಥರ ಮರೆವು ಎಷ್ಟು ಬೆಳೆದಿದೆಯೆಂದು ನೋಡಿ ಆಕೆ ಫ್ಲೇಗೆಗ್ರಾಡ್, ಅಂದರೆ ಆರೈಕೆಯ ದರ್ಜೆ, ಬರೆದುಕೊಟ್ಟರೆ ಮಾತ್ರ ಹಗಲು ಅವರನ್ನು ನೋಡಿಕೊಳ್ಳಲು ಒಬ್ಬರು ಬರುತ್ತಾರೆ. ಇಲ್ಲವಾದರೆ, ರಜೆ ಮುಗಿದ ಮೇಲೆ ಮಗಳು ಇಳಾ ಅವರನ್ನು ಒಳಗಿಟ್ಟು ಬೀಗ ಹಾಕಿಕೊಂಡೇ ಕೆಲಸಕ್ಕೆ ಹೋಗಬೇಕು. ಹೋದ ವಾರ ಅವರು ಬರಿಗಾಲಲ್ಲಿ ಟ್ರಾಮ್ ಹಳಿಯ ಮೇಲೆ ನಿಂತಿದ್ದರು.

ಆದರೆ ಮನೆಗೆ ಯಾರೋ ಬರುತ್ತಾರೆಂದರೆ ಕೈ ಸುಮ್ಮನಿರುತ್ತದೆಯೇ? ಇಳಾ ಬೆಳಿಗ್ಗೆಯೇ ನೆಲ ಒರೆಸಿ, ಅಪ್ಪನಿಗೆ ಸ್ನಾನ ಮಾಡಿಸಿ, ಗಡ್ಡ ಹೆರೆದು, ಇಸ್ತ್ರಿ ಅಂಗಿ ತೊಡಿಸಿದ್ದಳು. ಒದ್ದೆಯಾದ ಹಾಸಿಗೆಯನ್ನು ಬಾಲ್ಕನಿಗೆ ಎಳೆದು ಮರೆಮಾಡಿದ್ದಳು. ಈಗ ಆ ಗರಿಗರಿ ಕಾಲರ್ ನೋಡಿದಷ್ಟೂ ಅವಳಿಗೆ ಅದನ್ನು ಕೈಯಾರೆ ಮುದುರಿಬಿಡಬೇಕೆನಿಸುತ್ತಿತ್ತು.

"ಬೆಳಿಗ್ಗೆ ಏನು ತಿಂದಿರಿ?"

"ನಮ್ಮಲ್ಲಿ ಅದನ್ನು ಬಂದವರಿಗೆ ಕೇಳುತ್ತೇವೆ. ನೀವು ಏನು ತಿಂದಿರಿ?"

ಆಕೆ ಕಪಾಟಿನತ್ತ ತಿರುಗಿ, "ಇಷ್ಟೊಂದು ಪುಸ್ತಕ! ಯಾವುದರ ಬಗ್ಗೆ?" ಎಂದದ್ದೇ ತಡ, ಮೂವತ್ತು ವರ್ಷ ಪಾಠ ಹೇಳಿದ ದನಿ ಎದ್ದು ನಿಂತಿತು.

"ಅಮೆರಿಕದ ಕಮ್ಯುನಿಸ್ಟರು. ಶಿಕಾಗೊ, ೧೯೧೯. ಆಗಸ್ಟ್ ಮೂವತ್ತೊಂದಕ್ಕೆ ಒಂದು ಪಕ್ಷ ಹುಟ್ಟಿತು, ಮರುದಿನ ಇನ್ನೊಂದು. ಒಂದೇ ಊರು, ಒಂದೇ ಕ್ರಾಂತಿ. ಆದರೆ ಒಬ್ಬರ ಮುಖ ಒಬ್ಬರು ನೋಡರು." ಇಳಾಳತ್ತ ಬಾಗಿ ಕನ್ನಡದಲ್ಲಿ, "ನಮ್ಮ ಯುಗಾದಿ ಕಮಿಟಿ ಒಡದಾಂಗ" ಎಂದು ಕಣ್ಣು ಹೊಡೆದರು. ಮತ್ತೆ ಜರ್ಮನ್‌ಗೆ ಹೊರಳಿದರು. "ನಾಲ್ಕು ತಿಂಗಳಿಗೆ ಪೊಲೀಸರು ಬಂದರು. ಸಾವಿರಾರು ಜನ ಒಳಗೆ. ಉಳಿದವರು ಸುಳ್ಳು ಹೆಸರಿಟ್ಟುಕೊಂಡು ಭೂಗತರಾದರು. ಯಾರು ಏನು ಕೇಳಿದರೂ ನಿಜ ಹೇಳುವಂತಿರಲಿಲ್ಲ."

ಫ್ರೌ ವೀಲಾಂಡ್ ಮೆಚ್ಚಿ ತಲೆಯಾಡಿಸುತ್ತ ಕಾಗದದ ಚೌಕಗಳಲ್ಲಿ ಗುರುತು ಹಾಕುತ್ತಿದ್ದಳು. ಹಾಸಿಗೆಯ ಮಾತು ಇಳಾಳ ನಾಲಿಗೆಯ ತುದಿಗೆ ಬಂತು. ಅಪ್ಪನ ಎದುರಿಗೇ, ಹೊರಗಿನವಳ ಮುಂದೆ, ಹೇಗೆ ಹೇಳುವುದು?

ಆಕೆಯನ್ನು ಕಳಿಸಿಕೊಡುವಾಗ ಬಾಗಿಲ ಬಳಿ ಮಾತ್ರ ಪಿಸುಗುಟ್ಟಿದಳು. "ದಿನಾ ಹೀಗಿರಲ್ಲ ಅವರು. ದಯವಿಟ್ಟು ನಂಬಿ. ಒಂದು ನಿಮಿಷ ಬಾಲ್ಕನಿಗೆ ಬಂದು ನೋಡಿ..."

"ನನಗೆ ಇನ್ನೊಂದು ಮನೆಗೆ ಹೊತ್ತಾಯಿತು" ಎಂದಳು ಆಕೆ, ಮೆತ್ತಗೆ. "ನಾನು ಕಂಡದ್ದನ್ನೇ ಬರೆಯಬೇಕಲ್ಲವೇ? ಎಂಥ ತಂದೆ ನಿಮಗೆ! ಪುಣ್ಯವಂತರು."

ಇಳಾ ಒಳಗೆ ಬಂದಾಗ ಜಗನ್ನಾಥರು ಪರದೆ ಎಳೆದು ಕಿಟಕಿಯ ಪಕ್ಕ ಗೋಡೆಗೆ ಅಂಟಿ ನಿಂತಿದ್ದರು.

"ಹೋದಳೇನ್ರಿ ಅಕಿ?"

"ಹೋದ್ರು ಅಪ್ಪಾ."

"ಪೊಲೀಸರ ಪೈಕಿ ಇದ್ದಳು. ಏನೇನು ಕೇಳಿದಳು ನೋಡಿದ್ರಿಲ್ಲೋ? ಒಂದಕ್ಕೂ ಖರೇ ಹೇಳಲಿಲ್ಲ ನಾ." ಅವರು ಇಳಾಳ ಮುಖವನ್ನು ಹತ್ತಿರದಿಂದ ದಿಟ್ಟಿಸಿದರು. "ಕಾಮ್ರೇಡ್, ನೀವು ಯಾವ ಪಕ್ಷದವರ್ರಿ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಬೀಗ ತೆಗೆಯುವ ಸದ್ದಾಯಿತು. "ಶ್!" ಎಂದು ಅವರು ಅವಳ ಭುಜ ಹಿಡಿದು ಕೆಳಕ್ಕೆ ಅದುಮಿದರು. ಇಬ್ಬರೂ ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಕೂತರು. ಸೈಕಲ್ ದೂರ ಹೋದ ಮೇಲೂ ಅವರ ಅಂಗೈ ಅವಳ ನೆತ್ತಿಯ ಮೇಲೇ ಇತ್ತು, ಅವಳು ತಲೆ ಎತ್ತದ ಹಾಗೆ.