ಹೋಗುವುದಕ್ಕೆ ಮಾತ್ರ

ಟಿಕೆಟ್ ಅಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ಬಂದವಳು ಅಕ್ಕ. ಮೇಜಿನ ಹಿಂದೆ ಕೂತಿದ್ದವಳು ತಂಗಿ. ಮೂರು ವರ್ಷದಿಂದ ಇಬ್ಬರಿಗೂ ಮಾತಿಲ್ಲ, ಕತೆಯಿಲ್ಲ. ಆಸ್ಪತ್ರೆಯಲ್ಲಿ ಅಮ್ಮ ಕೊನೆಯುಸಿರೆಳೆದಾಗ ಅಕ್ಕ ಪಕ್ಕದಲ್ಲೇ ಇದ್ದಳು. ತಂಗಿಗೆ ಫೋನು ಬಂದದ್ದು ಎಲ್ಲ ಮುಗಿದ ಮೇಲೆ. ಆ ಸಿಟ್ಟು ಇವಳ ಹೊಟ್ಟೆಯೊಳಗೆ ಇನ್ನೂ ಕುದಿಯುತ್ತಲೇ ಇತ್ತು. ಕುದಿಯದೆ ಇನ್ನೇನು?

"ಹೇಳಿ, ಎಲ್ಲಿಗೆ?" ಎಂದಳು, ಯಾರೋ ಗಿರಾಕಿಯನ್ನು ಕೇಳುವ ಹಾಗೆ.

ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. "ಮಗಳ ಊರಿಗೆ. ಎಷ್ಟು ದೂರ ಆಗುತ್ತೆ?"

"ಮೂರು ಸಾವಿರ ಕಿಲೋಮೀಟರ್ ಚಿಲ್ಲರೆ. ನೇರ ವಿಮಾನ ಇದೆ." ಕಂಪ್ಯೂಟರಿನ ಪರದೆಯನ್ನು ಅಕ್ಕನ ಕಡೆ ತಿರುಗಿಸಿದಳು. ಅವಳು ಅದನ್ನು ನೋಡುತ್ತಿದ್ದರೆ ಇವಳಿಗೆ ಅವಳ ಮುಖ ನೋಡುವ ಗೋಜಿಲ್ಲ.

"ಬೆಳಿಗ್ಗೆ ಒಂಬತ್ತಕ್ಕೆ ಹತ್ತಿದ್ರೆ ಸಂಜೆ ನಾಲ್ಕಕ್ಕೆ ಇಳಿಯೋದಾ? ಅಯ್ಯೋ ದೇವರೇ, ಏಳು ಗಂಟೆ ಕೂತ್ರೆ ನನ್ನ ಮಂಡಿ ಗತಿ ಏನು!"

"ಏಳಲ್ಲ, ನಾಲ್ಕೂವರೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿರುತ್ತೆ."

"ಮತ್ತೆ ನನ್ನ ಎರಡೂವರೆ ಗಂಟೆ ಯಾರು ನುಂಗಿದ್ರು?"

ದಿನಕ್ಕೊಬ್ಬರಾದರೂ ಇದನ್ನು ಕೇಳಿಯೇ ಕೇಳುತ್ತಿದ್ದರು. ತಂಗಿಯ ಬಾಯಿಗೆ ಉತ್ತರ ತಾನಾಗಿ ಬಂತು. "ಯಾರೂ ನುಂಗಲ್ಲ, ವಾಪಸ್ ಬರುವಾಗ ಸಿಗುತ್ತೆ. ಅಲ್ಲಿ ಒಂಬತ್ತಕ್ಕೆ ಹೊರಟ್ರೆ ಹನ್ನೊಂದಕ್ಕೆಲ್ಲ ಇಲ್ಲಿರ್ತೀರಿ. ಬರೋದು ಯಾವತ್ತಿಗೆ ಹಾಕ್ಲಿ?"

"ಹೋಗೋದಕ್ಕೆ ಮಾತ್ರ ಸಾಕು. ಮನೆ ಖಾಲಿ ಮಾಡ್ತಿದ್ದೀನಿ. ಇನ್ನು ಅವಳ ಜೊತೇನೇ ಇರೋದು."

ಅಕ್ಕ ಎಲ್ಲಿಗೆ ಹೋಗುತ್ತಾಳೆ, ಇದೇ ಊರಲ್ಲಿ ಬಿದ್ದಿರುತ್ತಾಳೆ, ಜಗಳ ಯಾವಾಗ ಬೇಕಾದರೂ ಮುಗಿಸಬಹುದು ಎಂಬ ಧೈರ್ಯದಲ್ಲೇ ತಂಗಿ ಇಷ್ಟು ದಿನ ಸಿಟ್ಟು ಸಾಕಿಕೊಂಡು ಬಂದಿದ್ದಳು. ಈಗ ಅವಳನ್ನು ಕಳಿಸುವ ಟಿಕೆಟ್ಟನ್ನು ತಾನೇ ಕೈಯಾರೆ ಮಾಡಿಕೊಡಬೇಕಂತೆ! ಏನು ಗ್ರಹಚಾರವೋ.

"ನಿನ್ನ ಮಗಳಿಗೆ ಹೇಳಿದ್ರೆ ಕೂತಲ್ಲೇ ಫೋನಲ್ಲಿ ಟಿಕೆಟ್ ಮಾಡ್ತಿದ್ಳಲ್ಲ," ಎಂದಳು. "ನನ್ನ ಹೊಟ್ಟೆ ಉರಿಸೋಕೆ ಇಲ್ಲೀ ತನಕ ಬಂದ್ಯಾ?"

"ಮಾಡ್ತೀನಿ ಅಂದ್ಳು. ನಾನೇ ಬೇಡ ಅಂದೆ." ಅಕ್ಕ ಕನ್ನಡಕ ತೆಗೆದಳು. "ಅವತ್ತು ಡಾಕ್ಟರು ಬೆಳಗಿನ ತನಕ ಏನೂ ಆಗಲ್ಲ ಅಂದಿದ್ರು ಕಣೇ. ನಿನ್ನ ಮಗು ಬೇರೆ ಜ್ವರ ಬಂದು ಮಲಗಿತ್ತು. ಬೆಳಗಾಗ್ಲಿ, ಆಮೇಲೆ ಹೇಳೋಣ ಅಂದ್ಕೊಂಡೆ. ಅಮ್ಮ ಕಾಯಲಿಲ್ಲ. ತಪ್ಪು ನಂದೇ. ಇದನ್ನ ನಿನ್ನ ಮುಖ ನೋಡಿ ಹೇಳ್ದೆ ನಾನು ಹೇಗೆ ವಿಮಾನ ಹತ್ಲಿ?"

"ಇಷ್ಟು ಹೇಳೋಕೆ ಮೂರು ವರ್ಷ ಬೇಕಾಯ್ತಾ?"

"ಎರಡು ಸಲ ನಿನ್ನ ಮನೆಗೆ ಬಂದಿದ್ದೆ. ನೀನು ಬಾಗಿಲು ತೆಗೆದ್ಯಾ?"

ತೆಗೆದಿರಲಿಲ್ಲ. ಅಕ್ಕ ಮೆಟ್ಟಿಲಿಳಿದು ಹೋಗುವುದನ್ನು ಕಿಟಕಿಯಿಂದ ನೋಡುತ್ತಲೇ ನಿಂತಿದ್ದಳು ಮಹಾರಾಯಗಿತ್ತಿ. ಈಗ ಅಳು ಒತ್ತರಿಸಿಕೊಂಡು ಬಂತು. ಸೆರಗಿನಲ್ಲಿ ಮೂಗು ಒರೆಸಿಕೊಂಡು, ಕಂಪ್ಯೂಟರ್ ಆರಿಸಿ, ಚೀಲ ಹೆಗಲಿಗೇರಿಸಿದಳು.

"ಇವತ್ತು ಟಿಕೆಟ್ ಆಗಲ್ಲ. ಏಳು, ಮನೆಗೆ ಹೋಗೋಣ."

"ಯಾಕೇ, ಸೀಟಿಲ್ವಾ?"

"ಬೇಕಾದಷ್ಟಿದೆ. ನಾನು ಕೊಡಲ್ಲ, ಅಷ್ಟೆ."