ಮೊದಲ ಹಡಗಿನ ಹತ್ಯಾರ

ಬೆಳಗಾವಿ ಸೀಮೆ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ. ಅಂಕಲಗಿಯ ಕೆಂಚಪ್ಪ ಗೋಕಾಕಕ್ಕೆ ಕೆಲಸ ಕೇಳಲು ಬಂದಾಗ ಬಲಗೈಯನ್ನು ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿಕೊಂಡಿದ್ದ. ಹಿಂದಿನ ಸುಗ್ಗಿಯಲ್ಲಿ ಕಬ್ಬಿನ ಗಾಣ ಆ ಕೈಯ ಕೊನೆಯ ಎರಡು ಬೆರಳುಗಳನ್ನು ನುಂಗಿತ್ತು. ಆಮೇಲೆ ಕೆಲಸ ಕೇಳಿದಲ್ಲೆಲ್ಲ ಜನ ಮೊದಲು ಕೈ ನೋಡಿ, ಆಮೇಲೆ ಮುಖ ನೋಡಿ, ಕೊನೆಗೆ ಆಕಾಶ ನೋಡುತ್ತಿದ್ದರು.

“ಈ ಸಲ ಕೈ ತೋರಸಬ್ಯಾಡ್ರಿ. ಒಮ್ಮಿ ಒಳಗ ಸೇರ್ಕೋರಿ, ಮುಂದಿಂದ ಮುಂದ ನೋಡೂಣು,” ಎಂದು ಹೆಂಡತಿ ಶೆಟ್ಟೆವ್ವ ಹೇಳಿ ಕಳಿಸಿದ್ದಳು. ಸುಗ್ಗಿಯಿಂದ ದಸರೆಯವರೆಗೆ ಅವಳೊಬ್ಬಳ ಕೂಲಿಯ ರೊಟ್ಟಿ ತಿಂದವ ಈಚೀಚೆಗೆ ಎರಡನೆಯ ರೊಟ್ಟಿಗೆ ಕೈ ಚಾಚುತ್ತಿರಲಿಲ್ಲ.

ಗೊಂಬೆ ಮಾಡುವ ಶಿದ್ಲಿಂಗಪ್ಪನದು ಕಟ್ಟಿಗೆಯಲ್ಲಿ ಮಾವಿನಕಾಯಿ, ಬಾಳೆಹಣ್ಣು, ಗೌರಿ, ಗಣಪತಿ ಕೆತ್ತಿಕೊಂಡು ಬಂದ ಮನೆತನ. ಈ ವರ್ಷ ಮುಂಬಯಿ ವ್ಯಾಪಾರಿಯೊಬ್ಬ ಚಿತ್ರ ಕಳಿಸಿ, ಅಂಗೈಯಷ್ಟು ಹಾಯಿಹಡಗು ಬೇಕೆಂದಿದ್ದ. ಸಮುದ್ರ ನೋಡಿದವರು ಆ ಓಣಿಯಲ್ಲಿ ಒಬ್ಬರೂ ಇರಲಿಲ್ಲ. ಹಳೆಯ ಕೆಲಸಗಾರರು ಹಡಗು ಕೆತ್ತಲು ಕೂತರೆ ಅದೂ ಮಾವಿನಕಾಯಿಯಾಗಿಯೇ ಏಳುತ್ತಿತ್ತು. ಅದಕ್ಕೇ ಹೊಸಬ ಬೇಕಾಗಿದ್ದ. ಕೆಂಚಪ್ಪ ಹಿಂದೆ ಬಾರಕೋಲಿನ ಹಿಡಿಕೆಗೆ ಗಿಳಿ ಕೆತ್ತುತ್ತಿದ್ದ ಸುದ್ದಿ ಯಾರೋ ಶಿದ್ಲಿಂಗಪ್ಪನ ಕಿವಿಗೆ ಹಾಕಿದ್ದರು. ಕೈಯ ಸುದ್ದಿ ಹಾಕಿರಲಿಲ್ಲ.

ಆ ಮನೆಯಲ್ಲಿ ಹೊಸಬರು ಹತ್ಯಾರ ಹಿಡಿಯುವುದು ಬನ್ನಿ ಹಬ್ಬದ ದಿನವೇ, ನವಮಿಯ ಪೂಜೆಯಿಂದ ಎದ್ದ ಹತ್ಯಾರಗಳನ್ನೇ. ಈ ದಿನ ತಪ್ಪಿದರೆ ಮತ್ತೆ ಮುಂದಿನ ವರ್ಷ. ಶಿದ್ಲಿಂಗಪ್ಪ ಕಂಬಳಿಯ ಮೇಲೆ ಉಳಿ, ಚಾಕು, ಗರಗಸ ಎಲ್ಲವನ್ನೂ ಸಾಲಾಗಿ ಇಟ್ಟ. ಕುಂಕುಮ ಇನ್ನೂ ಹಸಿಯಾಗಿತ್ತು.

“ಮೊದಲನೇ ಹಡಗಕ್ಕ ಏನೇನ ಬೇಕು, ನೀನs ಆರಿಸ್ಕೋ. ಹೆಚ್ಚ ತಗೊಂಡ್ರ ತಿಳೀದವ ಅಂತೀನಿ, ಕಡಿಮಿ ತಗೊಂಡ್ರ ಅಂಜಬುರಕ ಅಂತೀನಿ.”

ಕೆಂಚಪ್ಪ ಗಟ್ಟಿ ಆಳು ಅನ್ನಿಸಿಕೊಳ್ಳಬೇಕೆಂಬ ಹಟದಲ್ಲಿ ಎಲ್ಲಕ್ಕಿಂತ ದೊಡ್ಡ ಉಳಿಗೇ ಕೈಹಾಕಿದ. ಎಡಗೈ.

“ಪೂಜಿ ಮಾಡಿದ ಹತ್ಯಾರಕ್ಕ ಎಡಗೈ ಹಾಕ್ತಿ?” ಶಿದ್ಲಿಂಗಪ್ಪ ದನಿ ಏರಿಸಲಿಲ್ಲ. “ಎದ್ದ ನಡಿ.”

ಮೂಲೆಯಲ್ಲಿ ಗೌರಿಗೆ ಬಣ್ಣ ಹಚ್ಚುತ್ತಿದ್ದ ಹಳೆಯ ಕೆಲಸಗಾರ ಖಂಡೆಪ್ಪ ಕುಂಚ ತಡೆದು ಇತ್ತ ತಿರುಗಿದ. ಕೆಂಚಪ್ಪ ಏಳಲಿಲ್ಲ. ಬಲಗೈ ಮುಚ್ಚಿಟ್ಟರೆ ಮಾನಗೆಟ್ಟವನೆಂದು ಹೊರಗೆ, ತೆರೆದರೆ ಕೈಗೆಟ್ಟವನೆಂದು ಹೊರಗೆ. ಹೊರಗೆ ಹೋಗುವುದೇ ಆದರೆ ಕೈಗೆಟ್ಟವನಾಗಿಯೇ ಹೋಗೋಣ ಅನ್ನಿಸಿತು. ವಲ್ಲಿ ಬಿಚ್ಚಿದ.

ಶಿದ್ಲಿಂಗಪ್ಪ ಬೆರಳಿಲ್ಲದ ಜಾಗ ನೋಡಿದ. “ಗಾಣೇನು?”

“ಹೌದ್ರಿ.”

“ಮುಚ್ಚಿಕೊಂಡ ಯಾಕ ಕುಂತಿದ್ದಿ?”

“ತೆರದ ಕುಂತಲ್ಲೆಲ್ಲಾ ಎಬ್ಬಿಸಿ ಕಳಿಸ್ಯಾರ್ರಿ.”

“ಆ ಕೈಲೇನs ತಗೋ, ನೋಡೂಣು.”

ಈ ಸಲ ಕೆಂಚಪ್ಪ ದೊಡ್ಡ ಉಳಿಯ ಕಡೆ ನೋಡಲೇ ಇಲ್ಲ. ಗಿಡ್ಡ ಚಾಕು, ಸಣ್ಣ ಹಲ್ಲಿನ ಗರಗಸ, ತೆಳ್ಳಗಿನ ಕಾನಸು, ತೂತು ಕೊರೆಯುವ ಪುಟ್ಟ ಬೈರಿಗೆ, ಇಷ್ಟನ್ನೇ ಮುಂದಕ್ಕೆಳೆದುಕೊಂಡ.

“ಉಳಿ ಯಾಕ ಬಿಟ್ಟಿ?”

“ನನ್ನ ಹಿಡಿತ ಸಾಲೂದಿಲ್ರಿ. ಅಂಗೈಯಷ್ಟ ಹಡಗಕ್ಕ ಅದು ಬೇಕಾಗೂದೂ ಇಲ್ಲ. ಕೊಯ್ಯಾಕ ಗರಗಸ, ಹೊಟ್ಟಿ ಕೆತ್ತಾಕ ಚಾಕು, ನುಣ್ಣಗ ಮಾಡಾಕ ಕಾನಸ. ಹಾಯಿ ಕಂಬ ನಿಲ್ಲಸಾಕ ಬೈರಿಗಿ.”

ಶಿದ್ಲಿಂಗಪ್ಪ ಹಗುರ ಕಟ್ಟಿಗೆಯ ತುಂಡೊಂದನ್ನು ಮುಂದೆ ನೂಕಿದ. “ಕೆತ್ತ.”

ಕೆಂಚಪ್ಪ ಕೆತ್ತಿದ. ಎರಡು ಸಿಪ್ಪೆ ಚೆನ್ನಾಗಿ ಎದ್ದವು. ಮೂರನೆಯದಕ್ಕೆ ಚಾಕುವಿನ ದಪ್ಪ ಹಿಡಿಕೆ ಮೂರು ಬೆರಳುಗಳ ನಡುವೆ ಗಿರಕಿ ಹೊಡೆಯಿತು, ಕಟ್ಟಿಗೆ ಸಿಡಿದು ಗೋಡೆಗೆ ಬಡಿಯಿತು. ಶೆಟ್ಟೆವ್ವನಿಗೆ ಏನು ಹೇಳುವುದು? ಚಾಕುವನ್ನು ಮೆಲ್ಲಗೆ ಕಂಬಳಿಯ ಮೇಲಿಟ್ಟು, ವಲ್ಲಿಯನ್ನು ಮತ್ತೆ ಕೈಗೆ ಸುತ್ತತೊಡಗಿದ.

“ಸುತ್ತಬ್ಯಾಡ. ಚಾಚು.”

ಶಿದ್ಲಿಂಗಪ್ಪ ಆ ಮೂರು ಬೆರಳುಗಳ ಮೇಲೆ ಹಿಡಿಕೆಯನ್ನಿಟ್ಟು ಇದ್ದಿಲಿನಿಂದ ಗೆರೆ ಎಳೆದ. ಆಮೇಲೆ ಇನ್ನೊಂದು ಚಾಕು ತೆಗೆದುಕೊಂಡು ಹಿಡಿಕೆಯನ್ನೇ ಹೆರೆಯತೊಡಗಿದ. ಕೈಯ ಎಣ್ಣೆ ಕುಡಿದು ಕಪ್ಪಾಗಿದ್ದ ಕಟ್ಟಿಗೆಯೊಳಗಿಂದ ಬಿಳಿ ಬಣ್ಣ ಕಂಡಿತು.

“ಯಜಮಾನ್ರ, ನಿಮ್ಮಪ್ಪನ ಚಾಕು ಅದು,” ಎಂದ ಖಂಡೆಪ್ಪ. “ಇನ್ನ ನಿಮ್ಮ ಕೈಗೆ ಹೊಂದೂದಿಲ್ಲ.”

“ಗೊತ್ತೈತಿ.”

ಸಿಪ್ಪೆ ಬೀಳುತ್ತಲೇ ಇತ್ತು. ಕೆಂಚಪ್ಪ ಕಣ್ಣೊರೆಸಿಕೊಳ್ಳುವುದನ್ನೂ ಮರೆತು ಕೈ ಚಾಚಿಕೊಂಡೇ ಕೂತಿದ್ದ.

“ಹಿಡದ ನೋಡು,” ಎಂದ ಶಿದ್ಲಿಂಗಪ್ಪ. “ಇನ್ನೂ ದಪ್ಪ ಐತೇನು?”